ಕೊಚ್ಚಿಯಿಂದ ಮಿನಿಕಾಯ್‌ವರೆಗೆ: ಸುದ್ದಿ ದ್ವೀಪ ಮುಟ್ಟುವ ಹಾದಿಯಲ್ಲಿ ಎಂಟು ದಿನ

ಮೊದಲ ದಿನ: ಕೊಚ್ಚಿ, ದಡ ಮರೆಯಾಗುವವರೆಗೆ

ಲಕ್ಷದ್ವೀಪದ ಪ್ರಯಾಣಿಕರ ಹಡಗು ಹೊರಡುವುದು ಕೊಚ್ಚಿಯ ವೆಲ್ಲಿಂಗ್ಡನ್ ದ್ವೀಪದಿಂದ. ದ್ವೀಪದವರಲ್ಲದವರಿಗೆ ಪ್ರವೇಶ ಪರವಾನಗಿ ಕಡ್ಡಾಯ, ಮತ್ತು ಅದರಲ್ಲಿ ಯಾವ ದ್ವೀಪದ ಹೆಸರಿದೆಯೋ ಅಲ್ಲಿ ಮಾತ್ರ ಇಳಿಯಬಹುದು. ಹಡಗಿನ ವೇಳಾಪಟ್ಟಿ ಹವಾಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಇಲ್ಲಿ ಬರೆದಿರುವ ದ್ವೀಪಗಳ ಕ್ರಮವನ್ನು ಒಂದು ದಾರಿಯೆಂದು ತಿಳಿಯಬೇಕೇ ಹೊರತು ವೇಳಾಪಟ್ಟಿಯೆಂದಲ್ಲ. ಹಿಂದೆ ಮುಂದೆ ಎರಡು ದಿನ ಬಿಡುವು ಇಟ್ಟುಕೊಳ್ಳದೆ ಹೊರಡಬಾರದು.

ಚೀಲದಲ್ಲಿ ಇರಬೇಕಾದದ್ದು ಮಧ್ಯಮ ತರಂಗ ಮತ್ತು ಕಿರುತರಂಗ ಎರಡೂ ಹಿಡಿಯುವ ಸಣ್ಣ ರೇಡಿಯೊ, ಹೆಚ್ಚುವರಿ ಸೆಲ್‌ಗಳು, ಒಂದು ಪವರ್‌ಬ್ಯಾಂಕ್, ಫೋನ್ ನಂಬರುಗಳನ್ನು ಬರೆದುಕೊಂಡ ಕಾಗದ. ಇರಬಾರದದ್ದು ಪರವಾನಗಿಯಿಲ್ಲದ ವಾಕಿಟಾಕಿ ಮತ್ತು ಸ್ಯಾಟಲೈಟ್ ಫೋನ್. ಥುರಯಾ, ಇರಿಡಿಯಂ ಫೋನುಗಳನ್ನು ಭಾರತದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ.

ಇದೇ ಕೊಚ್ಚಿಯಿಂದ ದ್ವೀಪಗಳಿಗೆ ಇನ್ನೊಂದು ದಾರಿಯೂ ಹೊರಡುತ್ತದೆ, ಸಮುದ್ರದ ತಳದಲ್ಲಿ. 2020ರ ಆಗಸ್ಟ್ 15ರಂದು ಘೋಷಣೆಯಾಗಿ, 2024ರ ಜನವರಿ 3ರಂದು ಉದ್ಘಾಟನೆಗೊಂಡ ಆಪ್ಟಿಕಲ್ ಫೈಬರ್ ಕೇಬಲ್ ಅದು. ಉದ್ದ 1,868 ಕಿ.ಮೀ., ವೆಚ್ಚ 1,072 ಕೋಟಿ ರೂಪಾಯಿ. ಕವರತ್ತಿ, ಅಗತ್ತಿ, ಅಮಿನಿ, ಕಡಮತ್, ಚೆತ್ಲಾತ್, ಕಲ್ಪೇನಿ, ಮಿನಿಕಾಯ್, ಆಂದ್ರೋತ್, ಕಿಲ್ತಾನ್, ಬಂಗಾರಂ, ಬಿತ್ರಾ, ಹೀಗೆ ಹನ್ನೊಂದು ದ್ವೀಪಗಳನ್ನು ಅದು ಕೊಚ್ಚಿಗೆ ಕಟ್ಟಿದೆ. ಅದಕ್ಕೆ ಮೊದಲು ಇಡೀ ಲಕ್ಷದ್ವೀಪ ಉಪಗ್ರಹವನ್ನೇ ನಂಬಿಕೊಂಡಿತ್ತು. ಆಗ ಇದ್ದ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 1.7 ಗಿಗಾಬಿಟ್, ಕೇಬಲಿನದು 200 ಗಿಗಾಬಿಟ್. 2011ರ ಜನಗಣತಿಯ 64,473 ಜನರಿಗೆ ಇದನ್ನು ಹಂಚಿ ನೋಡಿದರೆ ಅಂತರ ಅರ್ಥವಾಗುತ್ತದೆ: ಆಗ ತಲೆಗೆ ಸುಮಾರು 26 ಕಿಲೋಬಿಟ್, ಈಗ ಸುಮಾರು 3 ಮೆಗಾಬಿಟ್.

ವೇಗದಷ್ಟೇ ಮುಖ್ಯವಾದದ್ದು ತಡ. ಭೂಸ್ಥಿರ ಉಪಗ್ರಹ ಭೂಮಧ್ಯರೇಖೆಯಿಂದ 35,786 ಕಿ.ಮೀ. ಎತ್ತರದಲ್ಲಿದೆ. ಮಾತು ಮೇಲೆ ಹೋಗಿ ಕೆಳಗಿಳಿಯಲು ಸುಮಾರು ಕಾಲು ಸೆಕೆಂಡ್, ಉತ್ತರ ಅದೇ ದಾರಿಯಲ್ಲಿ ಮರಳಲು ಇನ್ನೊಂದು ಕಾಲು ಸೆಕೆಂಡ್ ಬೇಕು. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು ಇದರಿಂದಲೇ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 500 ಕಿ.ಮೀ. ದಾರಿಯಲ್ಲಿ ಹೋಗಿಬರಲು 5 ಮಿಲಿಸೆಕೆಂಡ್ ಸಾಕು. ದ್ವೀಪದ ಆಸ್ಪತ್ರೆಯ ವೈದ್ಯರು ದಡದ ತಜ್ಞರ ಜೊತೆ ತೆರೆಯ ಮೇಲೆ ಮಾತಾಡುವಾಗ ಈ ಅರ್ಧ ಸೆಕೆಂಡು ಉಳಿಯುವುದು ದೊಡ್ಡ ಸಂಗತಿ.

ಹಡಗು ಅಳಿವೆ ದಾಟಿದ ಮೇಲೆ ಫೋನಿನ ಸಂಕೇತ ಒಂದೊಂದೇ ಗೆರೆ ಇಳಿಯುತ್ತದೆ. 40 ಮೀಟರ್ ಎತ್ತರದ ಟವರಿಗೂ 10 ಮೀಟರ್ ಎತ್ತರದ ಡೆಕ್ಕಿಗೂ ರೇಡಿಯೊ ದಿಗಂತ ಲೆಕ್ಕದಲ್ಲಿ ಸುಮಾರು 39 ಕಿ.ಮೀ. ಬರುತ್ತದೆ. ಆದರೆ ಕೈಯಲ್ಲಿರುವ ಫೋನಿನ ಶಕ್ತಿ ಕಡಿಮೆ, ಟವರ್ ಅದನ್ನು ಕೇಳಿಸಿಕೊಳ್ಳಲಾರದು, ಸಂಪರ್ಕ ಅದಕ್ಕೂ ಮೊದಲೇ ಕಡಿಯುತ್ತದೆ. ಹಳೆಯ ಎರಡನೇ ತಲೆಮಾರಿನ ಜಾಲಕ್ಕೆ ಸಾಮಾನ್ಯ ಮಿತಿಯೇ 35 ಕಿ.ಮೀ. ಅಲ್ಲಿಂದಾಚೆ ಮುಂದಿನ ದ್ವೀಪದವರೆಗೆ ಫೋನು ಬರೀ ಗಡಿಯಾರ. ಮನೆಗೆ ಹೇಳಬೇಕಾದ ಮಾತನ್ನು ಅಳಿವೆಯೊಳಗೇ ಹೇಳಿ ಮುಗಿಸಬೇಕು.

ಎರಡನೆಯ ದಿನ: ಕವರತ್ತಿ

ಕೊಚ್ಚಿಯಿಂದ ಕವರತ್ತಿ 404 ಕಿ.ಮೀ. ಹಡಗು ಮತ್ತು ದ್ವೀಪವನ್ನು ಅನುಸರಿಸಿ ಪ್ರಯಾಣ 14ರಿಂದ 18 ಗಂಟೆ. ಹವಳದ ದಿಬ್ಬ ಸುತ್ತುವರಿದ ದ್ವೀಪಗಳಾದ್ದರಿಂದ ದೊಡ್ಡ ಹಡಗು ಹಲವೆಡೆ ಲಗೂನಿನ, ಅಂದರೆ ದಿಬ್ಬದೊಳಗಿನ ಆಳವಿಲ್ಲದ ನೀರಿನ, ಹೊರಗೇ ನಿಲ್ಲುತ್ತದೆ. ಜನ, ಸಾಮಾನು, ಅಂಚೆ ಚೀಲ ಎಲ್ಲವೂ ಸಣ್ಣ ದೋಣಿಗೆ ಇಳಿಯಬೇಕು. ಅಲೆ ಎದ್ದ ದಿನ ಇಳಿಯಲಾಗುವುದಿಲ್ಲ, ಹಡಗು ಮುಂದಿನ ದ್ವೀಪಕ್ಕೆ ಹೋಗಿಬಿಡಬಹುದು.

ದ್ವೀಪದಲ್ಲಿ ಸುದ್ದಿ ಎಂದರೆ ಏನು ಎಂಬುದು ಈ ದೋಣಿಕಟ್ಟೆಯಲ್ಲೇ ತಿಳಿಯುತ್ತದೆ. ಹಡಗು ಯಾವಾಗ ಬರುತ್ತದೆ, ಟಿಕೆಟ್ ಇದೆಯೇ, ಅಕ್ಕಿ, ತರಕಾರಿ, ಅಡುಗೆ ಅನಿಲ ಈ ಹಡಗಿನಲ್ಲೋ ಮುಂದಿನದರಲ್ಲೋ, ನಾಳೆ ಅಲೆ ಎಷ್ಟು, ರೋಗಿಯನ್ನು ಒಯ್ಯಲು ಹೆಲಿಕಾಪ್ಟರ್ ಬರುತ್ತದೆಯೇ, ದಡದ ಕಾಲೇಜಿನಲ್ಲಿ ಓದುವ ಮಗನ ಪರೀಕ್ಷೆ ಮುಂದಕ್ಕೆ ಹೋಯಿತೇ. ದೇಶದ ರಾಜಕೀಯ ಆಮೇಲೆ. ದಡದ ಪತ್ರಿಕೆಗೆ ಹಡಗಿನ ವೇಳಾಪಟ್ಟಿ ಒಳಪುಟದ ಒಂದು ಕಾಲಂ ಕೂಡ ಅಲ್ಲ, ದ್ವೀಪಕ್ಕೆ ಅದೇ ಮುಖಪುಟ. ದ್ವೀಪಗಳಿಗೆ ಸಂಪರ್ಕ ವ್ಯವಸ್ಥೆ ರೂಪಿಸುವವರು ಮೊದಲು ತಿಳಿಯಬೇಕಾದದ್ದು ಇದನ್ನು. ಎಷ್ಟು ವೇಗ ಬೇಕು ಎಂದು ಕೇಳುವ ಮೊದಲು ಯಾವ ಮಾತು ತಪ್ಪದೆ ತಲುಪಬೇಕು ಎಂದು ಕೇಳಬೇಕು.

ಇಲ್ಲಿನ ಸಾಕ್ಷರತೆ 2011ರಲ್ಲೇ ಶೇ. 91ಕ್ಕಿಂತ ಹೆಚ್ಚು. ಓದುವವರಿಗೆ ಕೊರತೆಯಿಲ್ಲ, ಹೊತ್ತಿಗೆ ಸರಿಯಾಗಿ ಬರುವ ಓದಿಗೆ ಕೊರತೆ. ಹಡಗಿನಲ್ಲಿ ಬರುವ ಪತ್ರಿಕೆ ಹಡಗು ಬಂದ ದಿನವೇ ಬರಬೇಕು. ಆ ಅಂತರವನ್ನು ದಶಕಗಳ ಕಾಲ ತುಂಬಿದ್ದು ರೇಡಿಯೊ. ಕವರತ್ತಿಯಲ್ಲಿ ಆಕಾಶವಾಣಿ ಕೇಂದ್ರವಿದೆ. ಒಂದೇ ಪ್ರಸಾರ ಎಷ್ಟು ಸಾವಿರ ಜನ ಕೇಳಿದರೂ ದಟ್ಟಣೆಯಿಲ್ಲ, ಎರಡು ಸೆಲ್‌ಗಳ ರೇಡಿಯೊ ವಾರಗಟ್ಟಲೆ ನಡೆಯುತ್ತದೆ, ಮತ್ತು ಮಧ್ಯಮ ತರಂಗ ಉಪ್ಪುನೀರಿನ ಮೇಲೆ ನೆಲಕ್ಕಿಂತ ಬಹಳ ದೂರ ಸಾಗುತ್ತದೆ. ಕೇಬಲ್ ಬಂತೆಂದು ರೇಡಿಯೊ ಬೇಡವಾಯಿತು ಎನ್ನುವ ಮಾತು ದ್ವೀಪಗಳ ಮಟ್ಟಿಗೆ ತಪ್ಪು.

ಕೇಬಲ್ ದಡ ಸೇರುವ ಜಾಗದಲ್ಲಿ ಕಣ್ಣಿಗೆ ಕಾಣುವುದು ಬಹಳ ಕಡಿಮೆ. ಮರಳಿನಡಿಯ ಒಂದು ಕಾಂಕ್ರೀಟ್ ಗುಂಡಿ, ಅಲ್ಲಿಂದ ಉಪಕರಣ ಕೋಣೆಗೆ ಕೊಳವೆ, ಅಷ್ಟೇ. ಆಳ ಸಮುದ್ರದಲ್ಲಿ ಇಂಥ ಕೇಬಲ್ ಹೆಬ್ಬೆರಳಿಗಿಂತ ದಪ್ಪವಿರುವುದಿಲ್ಲ. ದಡ ಸಮೀಪಿಸಿದಂತೆ ಅದರ ಮೇಲೆ ಉಕ್ಕಿನ ತಂತಿಯ ಒಂದು ಪದರ, ಆಮೇಲೆ ಎರಡು ಪದರ ಸುತ್ತಿರುತ್ತಾರೆ. ಲೋಕದ ಎಲ್ಲ ಕಡೆಯೂ ಕೇಬಲ್ ಕಡಿಯುವುದಕ್ಕೆ ಮುಖ್ಯ ಕಾರಣ ಮೀನುಬಲೆ ಮತ್ತು ಲಂಗರು, ಅದೂ ಆಳ ಕಡಿಮೆಯಿರುವ ಕಡೆ. ಹವಳದ ದಿಬ್ಬದಲ್ಲಿ ಮತ್ತೊಂದು ಅಪಾಯ ಉಜ್ಜಾಟ. ಅಲೆಯೊಂದಿಗೆ ಕೇಬಲ್ ಸ್ವಲ್ಪ ಸರಿದಾಡಿದರೂ ಹವಳ ಅದನ್ನು ಅರದಂತೆ ತಿನ್ನುತ್ತದೆ. ಅದಕ್ಕೇ ಆ ಭಾಗದಲ್ಲಿ ಎರಕದ ಕಬ್ಬಿಣದ ಅರ್ಧಚಿಪ್ಪುಗಳನ್ನು ತೊಡಿಸಿ, ಬಂಡೆಗೆ ಬಿಗಿದು ಕೂರಿಸುವುದು ರೂಢಿ.

ಮೂರನೆಯ ದಿನ: ಕವರತ್ತಿಯಲ್ಲೇ, ಕೇಬಲ್ ಕಡಿದರೆ ಎಂಬ ಲೆಕ್ಕ

ಕೇಬಲ್ ಕಡಿದಾಗ ಮೊದಲ ಕೆಲಸ ಎಲ್ಲಿ ಕಡಿದಿದೆ ಎಂದು ಹುಡುಕುವುದು. ದಡದಿಂದ ಬೆಳಕಿನ ಚಿಕ್ಕ ಮಿಡಿತ ಕಳಿಸಿ, ಅದು ಮರಳುವ ಹೊತ್ತನ್ನು ಅಳೆಯುವ ಉಪಕರಣವಿದೆ. ಹೋಗಿಬರುವ ಪ್ರತಿ ಮೈಕ್ರೋಸೆಕೆಂಡಿಗೆ ಸುಮಾರು 100 ಮೀಟರ್ ದೂರ. ಜಾಗ ತಿಳಿದ ಮೇಲೆ ದುರಸ್ತಿ ಹಡಗು ಬರಬೇಕು. ಅದು ಕೊಕ್ಕೆ ಎಳೆದು ಒಂದು ತುದಿಯನ್ನು ಮೇಲೆತ್ತಿ, ತೇಲುಬುರುಡೆಗೆ ಕಟ್ಟಿ, ಇನ್ನೊಂದು ತುದಿಯನ್ನು ಎತ್ತಿ, ನಡುವೆ ಹೊಸ ತುಂಡು ಬೆಸೆದು, ಪರೀಕ್ಷಿಸಿ ಮತ್ತೆ ಮುಳುಗಿಸಬೇಕು. ಬೆಸುಗೆಗೆ ಹೆಚ್ಚು ದಿನ ಬೇಡ. ದಿನಗಳು ಹೋಗುವುದು ಹಡಗು ಸಿಗಲು, ಅನುಮತಿ ಸಿಗಲು, ಅಲೆ ಇಳಿಯಲು. ಮುಂಗಾರಿನ ಕಡಲಲ್ಲಿ ಈ ಕೆಲಸ ಮಾಡಲಾಗದು. ಜೂನಿನಲ್ಲಿ ಕಡಿದರೆ ಕಾಯುವುದು ವಾರಗಳ ಮಾತು, ಮತ್ತು ಪ್ರಯಾಣಿಕರ ಹಡಗಿನ ಓಡಾಟ ಕಡಿಮೆಯಾಗಿ ಸುದ್ದಿಯ ಅಗತ್ಯ ಅತಿ ಹೆಚ್ಚಿರುವುದೂ ಆಗಲೇ.

ಆಗ ಉಳಿಯುವುದು ಉಪಗ್ರಹ. ಹಳೆಯ 1.7 ಗಿಗಾಬಿಟ್ ಅಷ್ಟನ್ನೂ ಹಾಗೇ ಉಳಿಸಿಕೊಂಡಿದ್ದರೂ ಅದು ಕೇಬಲಿನ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಕೇಬಲಿಗೆ ಒಗ್ಗಿಕೊಂಡ ಊರು ಅದೇ ಅಭ್ಯಾಸದಲ್ಲಿ ಫೋನ್ ತೆರೆದರೆ ಮೊದಲ ನಿಮಿಷದಲ್ಲೇ ದಾರಿ ಕಟ್ಟಿಕೊಳ್ಳುತ್ತದೆ. ವೀಡಿಯೊ ಎಲ್ಲವನ್ನೂ ನುಂಗಿ, ಆಸ್ಪತ್ರೆಯ ಸಂದೇಶ ಸರದಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಯಾವುದು ಮೊದಲು ಹೋಗಬೇಕು ಎಂಬುದನ್ನು ಕಡಿಯುವ ಮೊದಲೇ ರೌಟರಿನಲ್ಲಿ ಬರೆದಿಟ್ಟಿರಬೇಕು. ಮೊದಲು ಆಸ್ಪತ್ರೆ ಮತ್ತು ತುರ್ತು ಕರೆ. ಆಮೇಲೆ ಹವಾಮಾನ, ಸಮುದ್ರಸ್ಥಿತಿ, ಹಡಗಿನ ಸುದ್ದಿ. ಬಳಿಕ ಪಡಿತರ ಮತ್ತು ಬ್ಯಾಂಕಿನ ದೃಢೀಕರಣ, ಏಕೆಂದರೆ ಅದಿಲ್ಲದೆ ಅಂಗಡಿಯಲ್ಲಿ ಅಕ್ಕಿ ಇದ್ದೂ ಇಲ್ಲದಂತೆ. ಅನಂತರ ಧ್ವನಿ ಕರೆ ಮತ್ತು ಬರಹದ ಸಂದೇಶ, ಕೊನೆಗೆ ಚಿತ್ರ, ವೀಡಿಯೊ.

ಬರಹ ಎಷ್ಟು ಹಗುರ ಎಂಬುದನ್ನು ಮರೆಯುತ್ತೇವೆ. ಮಲಯಾಳಂ ಆಗಲಿ ಕನ್ನಡವಾಗಲಿ ಯೂನಿಕೋಡಿನ ಒಂದು ಅಕ್ಷರ ಸಂಕೇತಕ್ಕೆ 3 ಬೈಟ್. ಸಾವಿರ ಸಂಕೇತಗಳ ಹವಾಮಾನ ವರದಿ 3 ಕಿಲೋಬೈಟ್. ಸೆಕೆಂಡಿಗೆ 1 ಮೆಗಾಬಿಟ್ ವೇಗದ ಒಂದು ನಿಮಿಷದ ವೀಡಿಯೊ 7.5 ಮೆಗಾಬೈಟ್, ಅಂದರೆ ಅಂಥ 2,500 ವರದಿಗಳು. ಅದೇ ವರದಿಯನ್ನು ಫೋಟೊ ತೆಗೆದು ಹಂಚುವ ಅಭ್ಯಾಸ ಕಚೇರಿಗಳಲ್ಲಿ ಬೇರೂರಿದೆ. ಸಹಿ, ಮೊಹರು ಸಹಿತ ಕಾಗದದ ಚಿತ್ರ ಸಾಮಾನ್ಯವಾಗಿ ನೂರಾರು ಕಿಲೋಬೈಟ್ ಇರುತ್ತದೆ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲಾರದು, ಹುಡುಕಿದರೂ ಸಿಗದು. ದ್ವೀಪಕ್ಕೆ ಕಳಿಸುವ ಪ್ರತಿಯೊಂದು ಸೂಚನೆಯೂ ಮೊದಲು ಬರಹವಾಗಿ ಹೋಗಬೇಕು.

ಉಪಗ್ರಹಕ್ಕೂ ಅದರದೇ ತೊಡಕುಗಳಿವೆ. 12ರಿಂದ 14 ಗಿಗಾಹರ್ಟ್ಸ್‌ನ ಕೆಯು ಬ್ಯಾಂಡ್ ಜೋರು ಮಳೆಯಲ್ಲಿ ಸೊರಗುತ್ತದೆ. 4ರಿಂದ 6 ಗಿಗಾಹರ್ಟ್ಸ್‌ನ ಸಿ ಬ್ಯಾಂಡ್ ಮಳೆಗೆ ಗಟ್ಟಿ, ಆದರೆ ಅದಕ್ಕೆ ದೊಡ್ಡ ತಟ್ಟೆ ಬೇಕು, ದೊಡ್ಡ ತಟ್ಟೆಗೆ ಗಾಳಿಯ ಹೊಡೆತ ಹೆಚ್ಚು. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮನಾಗುವ ದಿನಗಳ ಆಸುಪಾಸಿನಲ್ಲಿ, ಸೂರ್ಯ ನೇರ ಉಪಗ್ರಹದ ಹಿಂದೆ ಬಂದು ಕೆಲವು ದಿನ ಒಂದೇ ಹೊತ್ತಿಗೆ ಕೆಲವು ನಿಮಿಷ ಸಂಪರ್ಕ ತಪ್ಪುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಬಹುದು. ಆ ನಿಮಿಷಗಳನ್ನು ಆಸ್ಪತ್ರೆಯ ಗೋಡೆಗೆ ಬರೆದು ಅಂಟಿಸಿದರೆ ಗಾಬರಿ ತಪ್ಪುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಉಪ್ಪು. ಆಂಟೆನಾದ ಕೇಬಲ್ ಕೆಡುವುದು ನಡುವೆ ಅಲ್ಲ, ತುದಿಯ ಜೋಡಣೆಯಲ್ಲಿ. ಜೋಡಣೆ ಬಿಗಿದ ಮೇಲೆ ತನ್ನಷ್ಟಕ್ಕೇ ಒಂದಾಗುವ ರಬ್ಬರ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ, ಅರ್ಧ ಅಗಲ ಒಂದರ ಮೇಲೊಂದು ಬರುವಂತೆ ಎಳೆದು ಸುತ್ತಬೇಕು, ಅದರ ಮೇಲೆ ಬಿಸಿಲು ತಡೆಯುವ ಪಟ್ಟಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಮಡಿಕೆಯೂ ನೀರು ಹಿಡಿಯುವ ಬಾಯಿ. ಕೇಬಲ್ ಕೋಣೆಯೊಳಗೆ ಹೋಗುವ ಮೊದಲು ಕೆಳಕ್ಕೊಂದು ಬಾಗು ಕೊಟ್ಟರೆ ಹನಿ ಅಲ್ಲೇ ಉದುರುತ್ತದೆ. ಟವರ್ ಎಳೆತಂತಿಗಳ ಬಿಗಿ, ತುಕ್ಕು ಎರಡನ್ನೂ ಮುಂಗಾರಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಲೇಬೇಕು. ಒಣ ಹವಳದ ಮರಳು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದಿಲ್ಲವಾದ್ದರಿಂದ ಸಿಡಿಲು ರಕ್ಷಣೆಯ ಸರಳು ಕೆಳಗಿನ ತೇವದ ಪದರ ಮುಟ್ಟುವವರೆಗೆ ಇಳಿಯಬೇಕು.

ನಾಲ್ಕನೆಯ ದಿನ: ಅಮಿನಿ, ಕಡಮತ್

ಕನ್ನಡ ನಾಡಿನವರಿಗೆ ಈ ಎರಡು ದ್ವೀಪಗಳು ಪರಸ್ಥಳವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದ ಅಮಿನ್‌ದಿವಿ ಗುಂಪು 1787ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ (ಮುಂದೆ ದಕ್ಷಿಣ ಕನ್ನಡ) ಜಿಲ್ಲೆಗೆ ಸೇರಿ, 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಮಂಗಳೂರಿನ ಕಲೆಕ್ಟರ ಅಧೀನದಲ್ಲಿತ್ತು. ನಾರು, ಕೊಬ್ಬರಿ ತುಂಬಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದ ಓಡಗಳೇ ಅಂಚೆಯೂ ಸುದ್ದಿಯೂ. ಹಾಯಿ ಓಡ ಮುಂಗಾರಿನಲ್ಲಿ ಹೊರಡುತ್ತಿರಲಿಲ್ಲ. ಅಂದರೆ ವರ್ಷದ ನಾಲ್ಕು ತಿಂಗಳು ದ್ವೀಪ ಮತ್ತು ದಡ ಒಂದಕ್ಕೊಂದು ಸತ್ತಂತೆಯೇ.

ಅಮಿನಿಯಿಂದ ಕಡಮತ್ ಹತ್ತು ಹನ್ನೆರಡು ಕಿ.ಮೀ. ಹೀಗೆ ಒಂದಕ್ಕೊಂದು ಹತ್ತಿರದ ದ್ವೀಪಗಳಿಗೆ ವಿಎಚ್‌ಎಫ್, ಅಂದರೆ ಹೆಚ್ಚುಕಡಿಮೆ ದಿಗಂತದವರೆಗೆ ಮಾತ್ರ ನೇರ ಸಾಗುವ ತರಂಗದ ರೇಡಿಯೊ, ಸಾಕು. ಲೆಕ್ಕ ಸುಲಭ: ಎರಡೂ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಎರಡರ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ ಕಿ.ಮೀ.ಯಲ್ಲಿ ದೂರ ಬರುತ್ತದೆ. ದಡದಲ್ಲಿ 20 ಮೀಟರ್, ದೋಣಿಯಲ್ಲಿ 2.5 ಮೀಟರ್ ಇದ್ದರೆ ಸುಮಾರು 25 ಕಿ.ಮೀ. ಎರಡೂ ಕಡೆ 30 ಮೀಟರ್ ಕಂಬ ಇದ್ದರೂ 45 ಕಿ.ಮೀ. ಮಾತ್ರ. ಕವರತ್ತಿಯಿಂದ ಅಗತ್ತಿ ಅದಕ್ಕಿಂತ ದೂರ. ಶಕ್ತಿ 25 ವಾಟ್‌ನಿಂದ 50ಕ್ಕೆ ಏರಿಸಿದರೆ ಭೂಮಿಯ ಬಾಗು ನೆಟ್ಟಗಾಗುವುದಿಲ್ಲ. ಹಣವನ್ನು ವಾಟ್‌ಗೆ ಸುರಿಯುವ ಬದಲು ಕಂಬದ ಎತ್ತರಕ್ಕೆ ಹಾಕಬೇಕು.

ದೂರದ ದ್ವೀಪಗಳಿಗೆ ಕಿರುತರಂಗ ಬೇಕು. 7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ತಂತಿ ಆಂಟೆನಾ ಒಟ್ಟು ಸುಮಾರು 20 ಮೀಟರ್ ಉದ್ದ, ನಡುವಿನಿಂದ ಎರಡು ಬದಿಗೂ 10 ಮೀಟರ್. ಎರಡು ತೆಂಗಿನ ಮರಗಳ ನಡುವೆ 5ರಿಂದ 8 ಮೀಟರ್ ಎತ್ತರದಲ್ಲಿ ಅಡ್ಡಡ್ಡ ಕಟ್ಟಿದರೆ ತರಂಗ ನೆಟ್ಟಗೆ ಮೇಲಕ್ಕೇರಿ, ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ಬಡಿದು, ಸುತ್ತಲಿನ ಮುನ್ನೂರು ನಾನೂರು ಕಿ.ಮೀ. ಮೇಲೆ ಮಳೆಯಂತೆ ಬೀಳುತ್ತದೆ. ಎಲ್ಲ ದ್ವೀಪಗಳೂ, ಹೆಚ್ಚುಕಡಿಮೆ ಕೊಚ್ಚಿಯೂ ಅದರೊಳಗೆ ಬಂದವು. ಇಲ್ಲಿ ಮಾತ್ರ ಎತ್ತರ ಹೆಚ್ಚಿಸುವುದೇ ತಪ್ಪು. 20 ಮೀಟರ್ ಮೇಲೆ ಕಟ್ಟಿದರೆ ತರಂಗ ದಿಗಂತದ ಕಡೆ ವಾಲಿ, ಹತ್ತಿರದ ದ್ವೀಪವನ್ನು ಹಾರಿ ದಾಟಿಬಿಡುತ್ತದೆ. ಹಗಲು 7 ಮೆಗಾಹರ್ಟ್ಸ್ ಆಸುಪಾಸು, ರಾತ್ರಿ 3ರಿಂದ 4. ಎರಡಕ್ಕೂ ಬೇರೆ ಬೇರೆ ತಂತಿ. ಮರ ಗಾಳಿಗೆ ತೂಗುವುದರಿಂದ ಒಂದು ತುದಿಗೆ ರಾಟೆ ಹಾಕಿ ಭಾರ ತೂಗಿಬಿಟ್ಟರೆ ತಂತಿ ಹರಿಯುವುದಿಲ್ಲ.

ಇದಕ್ಕೆ ಪರವಾನಗಿ ಬೇಕು, ಹವ್ಯಾಸಿ ರೇಡಿಯೊಗೆ ಪರೀಕ್ಷೆಯೂ ಉಂಟು. ಲಕ್ಷದ್ವೀಪದಿಂದ ಮಾತಾಡುವ ಹವ್ಯಾಸಿ ಕೇಂದ್ರದ ಕರೆಹೆಸರು ವಿಯು7ರಿಂದ, ಅಂಡಮಾನಿನದು ವಿಯು4ರಿಂದ ಶುರುವಾಗುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯ ದಿನ ಅಂಡಮಾನಿನಲ್ಲಿ ಹವ್ಯಾಸಿ ರೇಡಿಯೊಗೆಂದೇ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಿಂದ ತುರ್ತು ಸಂದೇಶಗಳನ್ನು ಹೊರಗೆ ಕಳಿಸಿತು. ಫೋನಿನ ತಂತಿ ಕಡಿದ ದ್ವೀಪಕ್ಕೆ ಒಂದು ತುಂಡು ತಾಮ್ರದ ತಂತಿ ಏನಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಐದನೆಯ ದಿನ: ಬಿತ್ರಾ

ಜನವಸತಿಯ ಹತ್ತು ದ್ವೀಪಗಳಲ್ಲಿ ಅತ್ಯಂತ ಚಿಕ್ಕ ಸಮುದಾಯ ಇದು. 2011ರ ಎಣಿಕೆಯಲ್ಲಿ 271 ಜನ. ಇಷ್ಟು ಚಿಕ್ಕ ಊರಿನಲ್ಲಿ ತಂತ್ರಜ್ಞಾನಕ್ಕಿಂತ ಮನುಷ್ಯ ಮುಖ್ಯ. ಒಬ್ಬ ತಂತ್ರಜ್ಞ ರಜೆಯ ಮೇಲೆ ದಡಕ್ಕೆ ಹೋದರೆ ಇಡೀ ದ್ವೀಪದ ಸಂಪರ್ಕ ಅವನೊಂದಿಗೆ ಹಡಗು ಹತ್ತಿತೆಂದೇ ಅರ್ಥ. ಆದ್ದರಿಂದ ಕನಿಷ್ಠ ಮೂವರಿಗೆ, ಅವರಲ್ಲಿ ಶಾಲೆಯ ಶಿಕ್ಷಕರೊಬ್ಬರೂ ಆರೋಗ್ಯ ಕಾರ್ಯಕರ್ತೆಯೂ ಇರುವಂತೆ, ಉಪಕರಣ ನಿಲ್ಲಿಸಿ ಚಾಲೂ ಮಾಡುವುದು, ಫ್ಯೂಸ್ ಬದಲಿಸುವುದು, ರೇಡಿಯೊದಲ್ಲಿ ಸಂದೇಶ ಓದುವುದು ಬರಬೇಕು. ಬಿಡಿಭಾಗಗಳ ಡಬ್ಬಿ ದ್ವೀಪದಲ್ಲೇ ಇರಬೇಕು: ಫ್ಯೂಸುಗಳು, ಆಂಟೆನಾ ತುದಿಜೋಡಣೆಗಳು, ರಬ್ಬರ್ ಪಟ್ಟಿ, ಚಾರ್ಜ್ ನಿಯಂತ್ರಕ ಒಂದು, ಮೈಕ್ ಒಂದು. ಕೈಯಲ್ಲಿ ಹಿಡಿಯುವ ಮೈಕಿನ ಸುರುಳಿ ತಂತಿ ಎಲ್ಲಕ್ಕಿಂತ ಮೊದಲು ಕೆಡುತ್ತದೆ.

ವಿದ್ಯುತ್ತಿನ ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ. ದ್ವೀಪಗಳ ವಿದ್ಯುತ್ ಬಹುಮಟ್ಟಿಗೆ ಡೀಸೆಲ್ ಜನರೇಟರಿನದು, ಡೀಸೆಲ್ ಬರುವುದು ಹಡಗಿನಲ್ಲಿ. ಆದ್ದರಿಂದ ತುರ್ತು ರೇಡಿಯೊ ಆ ಸರಪಳಿಯ ಹೊರಗಿರಬೇಕು. 25 ವಾಟಿನ ವಿಎಚ್‌ಎಫ್ ಸೆಟ್ಟು ಕೇಳುವಾಗ ಸುಮಾರು ಅರ್ಧ ಆಂಪಿಯರ್, ಮಾತಾಡುವಾಗ ಸುಮಾರು 6 ಆಂಪಿಯರ್ ಎಳೆಯುತ್ತದೆ. ದಿನದ ಹತ್ತರಲ್ಲೊಂದು ಪಾಲು ಮಾತು ಎಂದುಕೊಂಡರೆ 24 ಗಂಟೆಗೆ ಸುಮಾರು 25 ಆಂಪಿಯರ್-ಗಂಟೆ. ಬಿಸಿಲಿಲ್ಲದ ಮೂರು ದಿನಕ್ಕೆ 75. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಬೇಕಾದದ್ದು 12 ವೋಲ್ಟಿನ 150 ಆಂಪಿಯರ್-ಗಂಟೆ. ಮುಂಗಾರಿನಲ್ಲಿ ದಿನಕ್ಕೆ ಮೂರು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು, ನಷ್ಟ ಕಳೆದು ಶೇ. 70 ಎಂದರೆ 150 ವಾಟಿನ ಸೌರಫಲಕ. ಈ ಲೆಕ್ಕ ಹುಸಿಯಾಗುವುದು ಒಂದೇ ಕಾರಣಕ್ಕೆ: ಅದೇ ಬ್ಯಾಟರಿಗೆ ಯಾರೋ ಫ್ಯಾನು, ದೀಪ, ಹತ್ತು ಫೋನುಗಳ ಚಾರ್ಜರ್ ಜೋಡಿಸುತ್ತಾರೆ. ಅವರದು ತಪ್ಪಲ್ಲ, ಅದು ನಿಜವಾದ ಅಗತ್ಯ. ಫೋನ್ ಚಾರ್ಜಿಗೆಂದೇ ಬೇರೆ ಫಲಕ, ಬೇರೆ ಬ್ಯಾಟರಿ ಮೊದಲ ದಿನವೇ ಕೊಟ್ಟುಬಿಡಬೇಕು.

ಆರನೆಯ ದಿನ: ಕಲ್ಪೇನಿ

1847ರ ಚಂಡಮಾರುತ ಕಲ್ಪೇನಿಯನ್ನೂ ಆಂದ್ರೋತನ್ನೂ ಬಡಿದಾಗ ತಂತಿ ಇರಲಿಲ್ಲ, ರೇಡಿಯೊ ಇರಲಿಲ್ಲ. ಬದುಕುಳಿದವರು ಉಳಿದ ದೋಣಿಯಲ್ಲಿ ದಡ ಮುಟ್ಟಿದ ಮೇಲಷ್ಟೇ ಹೊರಲೋಕಕ್ಕೆ ತಿಳಿಯುವಂತಿತ್ತು. 170 ವರ್ಷಗಳ ಬಳಿಕ, 2017ರ ನವೆಂಬರ್ ಕೊನೆಯಲ್ಲಿ, ಓಖಿ ಚಂಡಮಾರುತ ಕನ್ಯಾಕುಮಾರಿಯನ್ನು ಸುತ್ತಿ ಲಕ್ಷದ್ವೀಪದ ಮೇಲೆ ಹಾದುಹೋಯಿತು. ಉಪಗ್ರಹ ಚಿತ್ರ, ಕಂಪ್ಯೂಟರ್ ಮುನ್ಸೂಚನೆ, ಮೊಬೈಲ್ ಎಲ್ಲವೂ ಇದ್ದ ಕಾಲ ಅದು. ಆದರೆ ವಾಯುಭಾರ ಕುಸಿತ ಒಂದೇ ದಿನದೊಳಗೆ ಚಂಡಮಾರುತವಾಯಿತು, ಮತ್ತು ಹಲವು ದಿನದ ಮೀನುಗಾರಿಕೆಗೆ ಹೋದ ದೋಣಿಗಳು ಆಗಲೇ ಮೊಬೈಲ್ ಮುಟ್ಟದ ಆಳ ಕಡಲಲ್ಲಿದ್ದವು. ಎಚ್ಚರಿಕೆ ದಡದವರೆಗೆ ಬಂತು. ಅದು ತಲುಪಬೇಕಾಗಿದ್ದ ಜನ ದಡದಲ್ಲಿರಲಿಲ್ಲ.

ಈ ಗಾಯದಿಂದ ಹುಟ್ಟಿದ ಒಂದು ಉಪಕರಣ 2019ರ ಅಕ್ಟೋಬರಿನಲ್ಲಿ ಬಂದ ಜೆಮಿನಿ. ವಿಮಾನಗಳ ದಾರಿ ತಿದ್ದಲೆಂದು ಇರುವ ಗಗನ್ ಉಪಗ್ರಹಗಳ ಮೂಲಕ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆ, ಗಾಳಿ, ಮೀನಿನ ನೆಲೆಗಳ ಸುದ್ದಿಯನ್ನು ಅದು ಹಿಡಿದು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುತ್ತದೆ. ಅದರ ಮಿತಿ, ಒಮ್ಮುಖ. ದೋಣಿ ಕೇಳಬಲ್ಲದು, ಕೂಗಲಾರದು. ಕೂಗಲು ಬೇರೆ ಪೆಟ್ಟಿಗೆ ಬೇಕು. ಇಸ್ರೊ ರೂಪಿಸಿದ ಆಪತ್ತು ಸೂಚಕ ಯಂತ್ರದ ಎರಡನೇ ತಲೆಮಾರಿನಲ್ಲಿ ನಿಮ್ಮ ಕೂಗು ಕೇಳಿಸಿತು ಎಂಬ ಮರುಸಂದೇಶವೂ ಬರುತ್ತದೆ. ಆ ಕೂಗು ಹೋಗಿ ಸೇರುವುದು ಬೆಂಗಳೂರಿನಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಘಟಕವಾದ ಇಸ್ಟ್ರಾಕ್‌ನಲ್ಲಿರುವ ಭಾರತೀಯ ಮಿಷನ್ ನಿಯಂತ್ರಣ ಕೇಂದ್ರಕ್ಕೆ, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ. ಮರುಸಂದೇಶವನ್ನು ಸಣ್ಣ ಸೌಲಭ್ಯ ಎನ್ನಬಾರದು. ಮುಳುಗುತ್ತಿರುವ ದೋಣಿಯಲ್ಲಿ ಯಾರೋ ಕೇಳಿಸಿಕೊಂಡರು ಎಂದು ತಿಳಿದವರು ದೋಣಿ ಬಿಟ್ಟು ಈಜಲು ಹೋಗುವುದಿಲ್ಲ. ಹುಡುಕುವವರಿಗೆ ತೇಲುವ ದೋಣಿ ಸಿಗುತ್ತದೆ, ಒಂಟಿ ತಲೆ ಸಿಗುವುದು ಕಷ್ಟ.

ಆಪತ್ತಿನ ಯಂತ್ರಗಳಲ್ಲಿ ಆಗುವ ತಪ್ಪುಗಳು ಎಲ್ಲೆಡೆ ಒಂದೇ. ದೋಣಿ ಮಾರಿದ ಮೇಲೂ ನೋಂದಣಿ ಹಳೇ ಒಡೆಯನ ಹೆಸರಿನಲ್ಲಿರುತ್ತದೆ. ಬ್ಯಾಟರಿಯ ಅವಧಿ ಮುಗಿದದ್ದನ್ನು ಯಾರೂ ನೋಡಿರುವುದಿಲ್ಲ. ಯಂತ್ರವನ್ನು ಕಳುವಿನ ಭಯಕ್ಕೆ ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟಿರುತ್ತಾರೆ. ವಿಎಚ್‌ಎಫ್‌ನಲ್ಲಿ 16ನೇ ಚಾನೆಲ್, 156.8 ಮೆಗಾಹರ್ಟ್ಸ್, ಕರೆ ಮತ್ತು ಆಪತ್ತಿಗೆ ಮೀಸಲು. ಅದರಲ್ಲಿ ಮೀನಿನ ದರ ಮಾತಾಡುವವರಿದ್ದರೆ ಆಪತ್ತಿನ ಕೂಗು ಮುಚ್ಚಿಹೋಗುತ್ತದೆ. ಕರೆದು, ಬೇರೆ ಚಾನೆಲ್ ಹೇಳಿ, ಅಲ್ಲಿಗೆ ಸರಿಯಬೇಕು.

ದ್ವೀಪದ ನೆಲದ ಮೇಲಿರುವವರಿಗೆ ಸೆಲ್ ಬ್ರಾಡ್‌ಕಾಸ್ಟ್ ಒಳ್ಳೆಯದು. 2023ರಲ್ಲಿ ದೇಶದ ಉದ್ದಗಲಕ್ಕೂ ಫೋನುಗಳು ಒಮ್ಮೆಲೇ ಕಿರುಚಿದ ಪರೀಕ್ಷೆ ಇದರದೇ. ಅದಕ್ಕೆ ನಂಬರ್ ಬೇಕಿಲ್ಲ, ಒಂದು ಟವರಿನಡಿ ಇರುವ ಎಲ್ಲ ಫೋನಿಗೂ ಒಂದೇ ಸಲ ಹೋಗುತ್ತದೆ, ದಟ್ಟಣೆಗೆ ಸಿಕ್ಕುವುದಿಲ್ಲ. ಟವರ್ ಬಿದ್ದರೆ ಮಾತ್ರ ಅದೂ ಬಿತ್ತು. ಆಗ ಮಸೀದಿಯ ಧ್ವನಿವರ್ಧಕವೇ ಊರಿನ ರೇಡಿಯೊ. ಅದಕ್ಕೊಂದು ಬ್ಯಾಟರಿ, ಮತ್ತು ಮೊದಲೇ ಬರೆದಿಟ್ಟ ನಾಲ್ಕು ಸಾಲಿನ ಘೋಷಣೆ ಬೇಕು: ಏನು ಬರುತ್ತಿದೆ, ಎಷ್ಟು ಹೊತ್ತಿಗೆ, ಎಲ್ಲಿಗೆ ಹೋಗಬೇಕು, ಮುಂದಿನ ಸುದ್ದಿ ಯಾವಾಗ. ನಾಲ್ಕನೆಯ ಸಾಲು ಇಲ್ಲದಿದ್ದರೆ ಆ ಖಾಲಿ ಜಾಗವನ್ನು ಗಾಳಿಮಾತು ತುಂಬುತ್ತದೆ.

ಮಲಯಾಳದಲ್ಲಿ ಕಳ್ಳಕ್ಕಡಲ್ ಎಂಬ ಪದವಿದೆ, ಕಳ್ಳನಂತೆ ಬರುವ ಕಡಲು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆ ದಿನಗಟ್ಟಲೆ ಸಾಗಿ ಬಂದು, ಇಲ್ಲಿ ಗಾಳಿಯಿಲ್ಲದ ಶುಭ್ರ ದಿನದಲ್ಲಿ ದಡದ ಮನೆಗೆ ನುಗ್ಗುತ್ತದೆ. ಆಕಾಶ ನೋಡಿ ತಿಳಿಯುವ ಜ್ಞಾನ ಇಲ್ಲಿ ಕೈಕೊಡುತ್ತದೆ. ಆದರೆ ಅಲೆ ದಾರಿಯಲ್ಲಿರುವ ಆ ದಿನಗಳಲ್ಲಿ ಮುನ್ಸೂಚನೆ ಸಾಧ್ಯ. ಈ ಎಚ್ಚರಿಕೆ ಜನರಾಡುವ ಪದದಲ್ಲೇ ಹೋಗಬೇಕು. ಉಬ್ಬಲೆ ಎತ್ತರ 3 ಮೀಟರ್ ಎಂದರೆ ತಲೆಗೆ ಹೋಗುವುದಿಲ್ಲ, ಕಳ್ಳಕ್ಕಡಲ್ ಬರುತ್ತದೆ, ದೋಣಿ ಮೇಲಕ್ಕೆಳೆಯಿರಿ ಎಂದರೆ ಹೋಗುತ್ತದೆ.

ಏಳನೆಯ ದಿನ: ಮಿನಿಕಾಯ್

ಮಿನಿಕಾಯನ್ನು ಉತ್ತರದ ದ್ವೀಪಗಳಿಂದ ಬೇರ್ಪಡಿಸುವ ಒಂಬತ್ತು ಡಿಗ್ರಿ ಕಾಲುವೆ ಎಂಬ ಕಡಲ ಹರವು ದಾಟಿದರೆ ಭಾಷೆಯೇ ಬದಲು. ಉತ್ತರದ ದ್ವೀಪಗಳಲ್ಲಿ ಮಲಯಾಳಕ್ಕೆ ಹತ್ತಿರದ ಜೆಸೆರಿ, ಇಲ್ಲಿ ಮಾಲ್ದೀವಿನ ದಿವೇಹಿಗೆ ಹತ್ತಿರದ ಮಹಲ್. ಲಿಪಿ ಥಾನಾ, ಬಲದಿಂದ ಎಡಕ್ಕೆ. ಯೂನಿಕೋಡಿನಲ್ಲಿ ಅದಕ್ಕೆ 1999ರಿಂದಲೇ ಜಾಗವಿದೆ, ಅಕ್ಷರವೊಂದಕ್ಕೆ 2 ಬೈಟ್ ಸಾಕು. ಆದ್ದರಿಂದ ಮಹಲ್‌ನಲ್ಲಿ ಎಚ್ಚರಿಕೆ ಕಳಿಸಲು ತಾಂತ್ರಿಕ ಅಡ್ಡಿ ಎಂಬ ನೆಪವಿಲ್ಲ. ಬೇಕಾದದ್ದು ಮೊದಲೇ ಅನುವಾದಿಸಿ, ಊರಿನ ಹಿರಿಯರಿಗೆ ಓದಿ ಹೇಳಿ, ತಿದ್ದಿಸಿಕೊಂಡ ಇಪ್ಪತ್ತು ಮೂವತ್ತು ಸಿದ್ಧ ವಾಕ್ಯಗಳು. ಚಂಡಮಾರುತದ ರಾತ್ರಿ ಅನುವಾದಕರನ್ನು ಹುಡುಕಬಾರದು.

ಮಿನಿಕಾಯ್‌ನ ಊರು ಹಳ್ಳಿಗಳಾಗಿ ಹಂಚಿಕೊಂಡಿದೆ, ಪ್ರತಿ ಹಳ್ಳಿಗೂ ಮೂಪನ್ ಎಂಬ ಮುಖಂಡ ಇದ್ದಾರೆ. ಸುದ್ದಿ ಹರಡುವ ಇಂಥ ಜಾಲ ಯಾವ ಆ್ಯಪಿಗಿಂತಲೂ ಗಟ್ಟಿ. ಕಚೇರಿಯಿಂದ ಮೂಪನ್‌ಗೆ, ಮೂಪನ್‌ನಿಂದ ಮನೆಮನೆಗೆ, ಮತ್ತು ಯಾರ ಮನೆಗೆ ತಲುಪಿಲ್ಲ ಎಂಬ ಲೆಕ್ಕ ಮರಳಿ ಕಚೇರಿಗೆ. ಈ ಮರಳುವ ಲೆಕ್ಕ ಯಂತ್ರದಿಂದ ಬರುವುದಿಲ್ಲ.

ಇಲ್ಲಿನ ಗಂಡಸರು ತಲೆಮಾರುಗಳಿಂದ ಹಡಗಿನ ನಾವಿಕರು. ಮನೆಯ ಸುದ್ದಿಯ ಹಸಿವು ಇಲ್ಲಿ ಎರಡೂ ಕಡೆಗೆ: ದ್ವೀಪದಲ್ಲಿರುವವರಿಗೆ ಕಡಲಲ್ಲಿರುವವರದು, ಕಡಲಲ್ಲಿರುವವರಿಗೆ ದ್ವೀಪದ್ದು. 1885ರಲ್ಲಿ ಬೆಳಗಿದ ದೀಪಸ್ತಂಭ ಇನ್ನೂ ನಿಂತಿದೆ, ಅದೂ ಒಮ್ಮುಖ ಸುದ್ದಿಯೇ, ಇಲ್ಲಿ ನೆಲವಿದೆ ಎಂಬ ಒಂದೇ ಮಾತು.

ಎಂಟನೆಯ ದಿನ: ಮರಳಿ ಕೊಚ್ಚಿಯ ಕಡೆ

ದ್ವೀಪಗಳು ಸುದ್ದಿ ಬೇಡುವ ಜಾಗಗಳೆಂದೇ ದಡದವರು ತಿಳಿದಿದ್ದಾರೆ. ಸುದ್ದಿ ಕೊಡುವ ಜಾಗಗಳೂ ಅವೇ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ, ಹಡಗು ನಡುಗಡಲಿನಲ್ಲಿರುವ ಈ ಹೊತ್ತಿಗೇ, ಮಿನಿಕಾಯ್ ಮತ್ತು ಅಮಿನಿಯ ಹವಾಮಾನ ಕೇಂದ್ರಗಳಲ್ಲಿ ಹಿಂದಿನ 24 ಗಂಟೆಯ ಮಳೆ ಅಳೆಯುತ್ತಾರೆ. ಮುಂಗಾರು ಕೇರಳ ಮುಟ್ಟಿತು ಎಂದು ಘೋಷಿಸಲು ಹವಾಮಾನ ಇಲಾಖೆ ನೋಡುವ 14 ಕೇಂದ್ರಗಳ ಪಟ್ಟಿ ಮಿನಿಕಾಯ್‌ನಿಂದ ಶುರುವಾಗಿ, ಅಮಿನಿ, ತಿರುವನಂತಪುರ, ಕೊಚ್ಚಿ, ಕೋಳಿಕ್ಕೋಡ್ ಹಾದು ಮಂಗಳೂರಿನಲ್ಲಿ ಮುಗಿಯುತ್ತದೆ. ಮೇ 10ರ ನಂತರ ಇವುಗಳಲ್ಲಿ ಶೇ. 60ರಷ್ಟು ಕೇಂದ್ರಗಳು ಎರಡು ದಿನ ಸತತ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ವರದಿ ಮಾಡಬೇಕು, ಪಶ್ಚಿಮದ ಗಾಳಿಯ ಆಳ ಮತ್ತು ಮೋಡದ ಅಳತೆಯೂ ಕೂಡಿಬರಬೇಕು. ಆಗ ಘಟ್ಟದ ಈಚೆ ಬಿತ್ತನೆಗೆ ಕಾದು ಕುಳಿತವರಿಗೆ ರೇಡಿಯೊದಲ್ಲಿ ಆ ಮಾತು ಬರುತ್ತದೆ. ಮಿನಿಕಾಯ್‌ನ ಅಳತೆಗಾಜಿನಲ್ಲಿ ಕಂಡ ಆ ಎರಡೂವರೆ ಮಿಲಿಮೀಟರ್ ಅಷ್ಟು ಹೊತ್ತಿಗೆ ಕಡಲು ದಾಟಿ ಬಂದಿರುತ್ತದೆ, ಕೇಬಲ್ ಇದ್ದರೆ ಕೇಬಲಿನಲ್ಲಿ, ಇಲ್ಲದಿದ್ದರೆ ಉಪಗ್ರಹದಲ್ಲಿ.